ಸೆಲ್ಟಿಕ್ಸ್‌ಗೆ ಗ್ರಹಚಾರ ಕೆಟ್ಟಿದ್ದ ಕಾಲ

27 ಜುಲೈ 2025, ಭಾನುವಾರ

ಬಾಸ್ಕೆಟ್‌ಬಾಲ್ ಆಟಗಾರ ರೆಜ್ಜಿ ಲೂಯಿಸ್ ತೀರಿಕೊಂಡು ಇವತ್ತಿಗೆ 32 ವರ್ಷ. ಊಟ ಆದಮೇಲೆ ಸುಮ್ನೆ ಅವನ ತಂಡ ಬಾಸ್ಟನ್ ಸೆಲ್ಟಿಕ್ಸ್‌ನ ತೊಂಬತ್ತರ ದಶಕದ ಪಂದ್ಯಗಳನ್ನು ಹಾಕಿಕೊಂಡು ಕೂತೆ, ಸಂಜೆ ಆಗಿದ್ದೇ ಗೊತ್ತಾಗಲಿಲ್ಲ. ಈ ತಂಡ ಅಂದರೆ ಎಲ್ಲರೂ ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಗೆದ್ದ 18 ಕಪ್ಪಿನ ಕಥೆ ಹೇಳುತ್ತಾರೆ. ನನಗೆ ಇವರು ಸೋತ ಕಾಲದ ಮೇಲೇ ಜಾಸ್ತಿ ಕುತೂಹಲ.

1986ರಲ್ಲಿ ಇವರನ್ನು ಮುಟ್ಟುವವರೇ ಇರಲಿಲ್ಲ. ಲ್ಯಾರಿ ಬರ್ಡ್, ಮೆಕ್‌ಹೇಲ್, ಪ್ಯಾರಿಷ್ ಇದ್ದ ತಂಡ ಆ ಸೀಸನ್‌ನಲ್ಲಿ ತವರಿನಲ್ಲಿ 40 ಪಂದ್ಯ ಗೆದ್ದು ಒಂದೇ ಒಂದು ಸೋತಿತ್ತು. ಜೂನ್‌ನಲ್ಲಿ 16ನೇ ಕಪ್. ಅದೇ ತಿಂಗಳು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಲೆನ್ ಬಯಾಸ್ ಅನ್ನೋ ಅದ್ಭುತ ಹುಡುಗ ಸಿಕ್ಕಿದ. ಎರಡೇ ದಿನ, ಕೊಕೇನ್ ತಗೊಂಡು ಸತ್ತೇ ಹೋದ.

ಬೆನ್ನುನೋವು ತಾಳಲಾರದೆ ಬರ್ಡ್ 1992ರಲ್ಲಿ ಆಟ ನಿಲ್ಲಿಸಿದ. ಮುಂದಿನ ನಾಯಕ ಲೂಯಿಸ್. ಬಾಸ್ಟನ್‌ನಲ್ಲೇ ಕಾಲೇಜು ಓದಿ ಅದೇ ಊರಿನ ತಂಡಕ್ಕೆ ಆಡಿದವನು, ಗದ್ದಲ ಇಲ್ಲದೆ ಪಂದ್ಯಕ್ಕೆ ಸುಮಾರು 21 ಅಂಕ ಹೊಡೆಯುತ್ತಿದ್ದ. 1993ರ ಏಪ್ರಿಲ್ 29ರಂದು ಶಾರ್ಲಟ್ ವಿರುದ್ಧದ ಪ್ಲೇಆಫ್ ಪಂದ್ಯ. ಯಾರೂ ತಳ್ಳಿರಲಿಲ್ಲ, ಓಡುತ್ತಿದ್ದವನು ಇದ್ದಕ್ಕಿದ್ದಂತೆ ಮುಗ್ಗರಿಸಿ ಬಿದ್ದ. ಒಂದು ಗುಂಪಿನ ಡಾಕ್ಟರುಗಳು ಹೃದಯದ ಕಾಯಿಲೆ, ಇನ್ನು ಆಡೋ ಹಾಗಿಲ್ಲ ಅಂದರು. ಇನ್ನೊಂದು ಕಡೆ ಅಷ್ಟೇನೂ ಗಂಭೀರ ಅಲ್ಲ ಅಂದರು. ಮೂರು ತಿಂಗಳಾಗಿತ್ತು, ಅಭ್ಯಾಸ ಮಾಡುವಾಗ ಕುಸಿದು ಪ್ರಾಣ ಬಿಟ್ಟ. ಬರೀ 27 ವರ್ಷ. ಗಾಯದ ಮೇಲೆ ಬರೆ ಅನ್ನೋ ಹಾಗೆ, ಲೀಗಿನ ನಿಯಮದ ಪ್ರಕಾರ ಅವನ ಸಂಬಳ ತಂಡದ ಸಂಬಳ ಮಿತಿಯ ಲೆಕ್ಕದಲ್ಲೇ ಉಳಿಯಿತು. ಅದೇ ದುಡ್ಡಲ್ಲಿ ಇನ್ನೊಬ್ಬನನ್ನು ತರೋಣ ಅಂದರೆ ಅದಕ್ಕೂ ಕುತ್ತು.

1995ರಲ್ಲಿ ಹಳೆಯ ಬಾಸ್ಟನ್ ಗಾರ್ಡನ್ ಮುಚ್ಚಿತು. ಎಸಿ ಇಲ್ಲದ ಕಟ್ಟಡ ಅದು. 1984ರ ಫೈನಲ್ಸ್‌ನಲ್ಲಿ ಎದುರಾಳಿ ಲೇಕರ್ಸ್ ತಂಡದ ಕರೀಮ್ ಸೆಕೆ ತಡೆಯಲಾರದೆ ಬೆಂಚಿನಲ್ಲಿ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಕೂತಿದ್ದ! ಓಕ್ ಮರದ ತುಂಡುಗಳನ್ನು ಅಡ್ಡ, ಉದ್ದ ಚೌಕವಾಗಿ ಜೋಡಿಸಿದ ಆ ಪ್ರಸಿದ್ಧ ನೆಲವನ್ನು ಮಾತ್ರ ಹೊಸ ಕಟ್ಟಡಕ್ಕೆ ಹೊತ್ತುಕೊಂಡು ಹೋದರು.

ನೆಲ ಬಂತು, ಆಟ ಬರಲಿಲ್ಲ. 1996-97ರಲ್ಲಿ 15 ಗೆಲುವು, 67 ಸೋಲು. ಈ ತಂಡದ ಚರಿತ್ರೆಯಲ್ಲೇ ಇಷ್ಟು ಕೆಟ್ಟ ಸೀಸನ್ ಇನ್ನೊಂದಿಲ್ಲ. ಆದರೆ ಆ ವರ್ಷ ಸೋತರೂ ಲಾಭ ಇತ್ತು, ಯಾಕೆಂದರೆ ಡ್ರಾಫ್ಟ್‌ಗೆ ಟಿಮ್ ಡಂಕನ್ ಅನ್ನೋ ಪ್ರತಿಭಾವಂತ ಹುಡುಗ ಬರುವವನಿದ್ದ, ಪಟ್ಟಿಯಲ್ಲಿ ಕೆಳಗಿದ್ದಷ್ಟೂ ಸರದಿ ನಿರ್ಧರಿಸುವ ಲಾಟರಿಯಲ್ಲಿ ಮೊದಲ ಆಯ್ಕೆ ಸಿಗುವ ಸಾಧ್ಯತೆ ಜಾಸ್ತಿ. ವ್ಯಾಂಕೂವರ್ ಇವರಿಗಿಂತಲೂ ಕೆಳಗಿತ್ತು, ಆದರೆ ಹೊಸ ತಂಡ ಅಂತ ಅದಕ್ಕೆ ಮೊದಲ ಆಯ್ಕೆ ಕೊಡುವ ಹಾಗಿರಲಿಲ್ಲ. ಡಲ್ಲಾಸ್ ತಂಡದಿಂದ ಪಡೆದಿದ್ದ ಆಯ್ಕೆಯೂ ಸೇರಿ ಸೆಲ್ಟಿಕ್ಸ್ ಕೈಯಲ್ಲಿ ಎರಡು ಚೀಟಿ, ಶೇ. 36ರಷ್ಟು ಅವಕಾಶ. ಬೇರೆ ಯಾರಿಗೂ ಅಷ್ಟಿರಲಿಲ್ಲ. ಡಂಕನ್ ಹೋಗಿದ್ದು ಸ್ಯಾನ್ ಆಂಟೋನಿಯೋಗೆ, ಅಲ್ಲಿ ಐದು ಕಪ್ ಗೆದ್ದ. ಸೆಲ್ಟಿಕ್ಸ್‌ಗೆ ಸಿಕ್ಕಿದ್ದು 3 ಮತ್ತು 6ನೇ ಆಯ್ಕೆ.

ಇಲ್ಲಿಯವರೆಗೆ ಗ್ರಹಚಾರ ಅನ್ನಬಹುದು, ಒಪ್ಪುತ್ತೇನೆ. ಆಮೇಲಿನದು ತಾವೇ ಮಾಡಿಕೊಂಡಿದ್ದು. ಆ ವರ್ಷ ಬಂದ ಕೋಚ್ ರಿಕ್ ಪಿಟಿನೊಗೆ ತಂಡದ ಅಧ್ಯಕ್ಷ ಪಟ್ಟವೂ ಬೇಕಾಯಿತು, ಈ ತಂಡವನ್ನು ಬೆಳೆಸಿದ ರೆಡ್ ಔರ್‌ಬ್ಯಾಕ್ ಅವರಿಂದ ಅದನ್ನು ತೆಗೆದು ಕೊಟ್ಟರು. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. 3ನೇ ಆಯ್ಕೆಯಾಗಿ ತಂದ ಚಾನ್ಸಿ ಬಿಲಪ್ಸ್‌ನನ್ನು 51 ಪಂದ್ಯ ಆಡಿಸಿ ಟೊರಾಂಟೊಗೆ ಸಾಗಹಾಕಿದರು. ಹೊಸ ಹುಡುಗನಿಗೆ ಒಂದು ಸೀಸನ್ ಕೂಡ ಕೊಡಬಾರದಾ? 2004ರಲ್ಲಿ ಡೆಟ್ರಾಯ್ಟ್ ಕಪ್ ಗೆದ್ದಾಗ ಫೈನಲ್ಸ್‌ನ ಶ್ರೇಷ್ಠ ಆಟಗಾರ ಆಗಿದ್ದು ಇದೇ ಬಿಲಪ್ಸ್.

ಪಿಟಿನೊ ಕಾಲದ ಒಂದೇ ಒಳ್ಳೆ ಕೆಲಸ 1998ರದ್ದು. ಪಾಲ್ ಪಿಯರ್ಸ್‌ನನ್ನು ಒಂಬತ್ತು ತಂಡಗಳು ಬಿಟ್ಟುಬಿಟ್ಟವು, ಇವರು ಹತ್ತನೆಯವನಾಗಿ ಎತ್ತಿಕೊಂಡರು. ಹತ್ತು ವರ್ಷ ಕಾದು 17ನೇ ಕಪ್ ತಂದವನು ಅವನೇ.