ದಾವಣಗೆರೆಯಿಂದ ಜೋಗಿಮಟ್ಟಿಯವರೆಗೆ: ಬೇಸಿಗೆಯ ಸೈಕಲ್ ಸವಾರರಿಗೆ ಕೆಲವು ಮಾತು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸೈಕಲ್‌ನಲ್ಲಿ ಹೊರಡುವವರಿಗೆ ದಾವಣಗೆರೆ ಮತ್ತು ಚಿತ್ರದುರ್ಗಗಳ ನಡುವಿನ ಸುಮಾರು 60 ಕಿಲೋಮೀಟರ್ ಹಾದಿ ನಕ್ಷೆಯಲ್ಲಿ ಸುಲಭವಾಗಿಯೇ ಕಾಣುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ದಾರಿಯನ್ನು ತುಳಿದ ಅನುಭವದಿಂದ ಹೇಳುವುದಾದರೆ, ಇಲ್ಲಿ ಕಿಲೋಮೀಟರಿಗಿಂತ ಗಡಿಯಾರವನ್ನು ನೋಡಿ ದಿನವನ್ನು ಯೋಜಿಸಿಕೊಳ್ಳುವುದು ಕ್ಷೇಮ.

ಬೆಳಗಿನ ಐದು ಗಂಟೆಯೊಳಗೆ ದಾವಣಗೆರೆ ಬಿಡಬೇಕು. ಬೆಣ್ಣೆ ದೋಸೆಯ ಆಸೆಯನ್ನು ಹಿಂದಿನ ದಿನವೇ ತೀರಿಸಿಕೊಳ್ಳಿ. ಅಷ್ಟು ಬೆಣ್ಣೆ ಹೊಟ್ಟೆಯಲ್ಲಿರುವಾಗ ಏರು ಹತ್ತುವುದು ಕಷ್ಟ. ಭದ್ರಾ ನಾಲೆಯ ನೀರುಂಡ ಗದ್ದೆ, ತೋಟಗಳ ತಂಪು ಆನಗೋಡು ದಾಟುವಷ್ಟರಲ್ಲಿ ಹಿಂದೆ ಉಳಿದು, ಬಯಲು ಒಣಗುತ್ತಾ ಹೋಗುತ್ತದೆ. ಚಿತ್ರದುರ್ಗವು ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಆ ಏರು ಒಂದೇ ಕಡೆ ಎದುರಾಗದೆ ಉದ್ದಕ್ಕೂ ಹರಡಿಕೊಂಡಿರುವುದರಿಂದ ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯಲ್ಲೂ ಕಾಲು ಭಾರವಾಗುತ್ತದೆ. ಅಂಥಲ್ಲಿ ವೇಗಕ್ಕಾಗಿ ಹಟ ಹಿಡಿಯದೆ ಗೇರ್ ಇಳಿಸಿ, ಪೆಡಲ್ ಹಗುರವಾಗಿ ತಿರುಗುವಂತೆ ನೋಡಿಕೊಳ್ಳಿ. ಮುಂಜಾನೆಯ ಸೂರ್ಯ ಎದುರಿನ ಎಡಗಡೆಯಿಂದ ಓರೆಯಾಗಿ ಕಣ್ಣಿಗೆ ಹೊಡೆಯುತ್ತಾನೆ. ಹಿಂದಿನಿಂದ ಬರುವ ಲಾರಿ ಚಾಲಕರ ಕಣ್ಣಿಗೂ ಅದೇ ಬಿಸಿಲು ಬೀಳುವುದರಿಂದ, ಬೆಳಕು ಹರಿದ ಮೇಲೂ ಹಿಂಬದಿಯ ಕೆಂಪು ದೀಪ ಉರಿಯುತ್ತಿರಲಿ. ಸರ್ವಿಸ್ ರಸ್ತೆ ಇರುವಲ್ಲೆಲ್ಲ ಅದನ್ನೇ ಹಿಡಿಯಿರಿ.

ಭರಮಸಾಗರದಲ್ಲಿ ತಿಂಡಿಗೆ ನಿಲ್ಲುವುದು ಸೂಕ್ತ. ಇಡ್ಲಿ, ಚಿತ್ರಾನ್ನದಂಥ ಹಗುರ ತಿಂಡಿ ಸಾಕು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಆದರೆ ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಅಂಶ ಇಳಿದು ತಲೆನೋವು, ವಾಕರಿಕೆ ಕಾಣಿಸಿಕೊಳ್ಳಬಹುದು. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇಟ್ಟುಕೊಳ್ಳಿ.

ವಿಜಾಪುರ ದಾಟಿದ ಮೇಲೆ ನನ್ನ ಜೊತೆಗಾರರು ಮಾತು ಕಡಿಮೆ ಮಾಡಿದರು. ತಿರುಗಿ ನೋಡಿದಾಗ ಅಂಥ ಬಿಸಿಲಿನಲ್ಲೂ ಅವರ ಮುಂಗೈಯ ರೋಮಗಳು ಚಳಿಗೆ ನಿಂತಂತೆ ನಿಮಿರಿ ನಿಂತಿದ್ದವು. ಇದು ಬಿಸಿಲಿನ ಬಳಲಿಕೆಯ, ಅಲಕ್ಷಿಸಬಾರದ ಸೂಚನೆ. ಹುಣಸೆಮರದ ನೆರಳಿನಲ್ಲಿ ಅವರನ್ನು ಕೂರಿಸಿ, ಕುತ್ತಿಗೆ ಮತ್ತು ಕಂಕುಳಿಗೆ ಒದ್ದೆ ಟವೆಲ್ ಒತ್ತಿ, ಗಾಳಿ ಬೀಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಮುಂದಿನ ದಾರಿಗೆ ಅವರ ಸೈಕಲನ್ನು ಗೂಡ್ಸ್ ಆಟೋಕ್ಕೆ ಏರಿಸಿದೆವು. ಮಾತು ತೊದಲಿದರೆ ಅಥವಾ ಗಲಿಬಿಲಿ ಕಂಡರೆ ಮಾತ್ರ ಕಾಯಬಾರದು. ದೇಹವನ್ನು ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಬೇಕು.

ಈ ಸೀಮೆಯ ಇನ್ನೊಂದು ಕಾಟ ಜಾಲಿ ಮುಳ್ಳು. ಟೈರಿನೊಳಗೆ ಮುರಿದು ಉಳಿದ ಮುಳ್ಳಿನ ತುದಿ ಹೊರಗಿನಿಂದ ಕಾಣುವುದಿಲ್ಲ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ, ಚುಚ್ಚಿದ ಕಡೆ ಚಿಮುಟದಿಂದ ಕಿತ್ತು ತೆಗೆಯದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿಯಾಗುತ್ತದೆ. ತೆಳುವಾದ ಪ್ರೆಸ್ಟಾ ವಾಲ್ವ್ ಇರುವ ಸೈಕಲ್ಲಿಗೆ ಹೆದ್ದಾರಿಯ ಪಂಕ್ಚರ್ ಅಂಗಡಿಗಳ ಗಾಳಿ ಪೈಪು ಕೂರುವುದಿಲ್ಲವಾದ್ದರಿಂದ ಸ್ವಂತ ಪಂಪ್ ಅಥವಾ ಅಡಾಪ್ಟರ್ ಇರಲೇಬೇಕು.

ಹತ್ತು ಗಂಟೆಯ ಸುಮಾರಿಗೆ ಚಿತ್ರದುರ್ಗ ಸೇರಿ, ಸಂಜೆ ನಾಲ್ಕರವರೆಗೆ ನೆರಳಿನಲ್ಲಿ ಮಲಗಿ. ಏಳು ಸುತ್ತಿನ ಕೋಟೆಯನ್ನು ಅದೇ ಮಧ್ಯಾಹ್ನ ಹತ್ತುವ ಉತ್ಸಾಹ ಬೇಡ. ಅಲ್ಲಿನ ಬಂಡೆಗಳು ಹಗಲೆಲ್ಲ ಕಾದು, ಬಿಸಿಲು ಇಳಿದ ಮೇಲೂ ಝಳ ಬಿಡುತ್ತಿರುತ್ತವೆ. ಓಬವ್ವನ ಕಿಂಡಿಯನ್ನಂತೂ ಧಾವಂತವಿಲ್ಲದೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡವನ್ನು ಮರುದಿನ ಮುಂಜಾನೆಗೆ ಇಟ್ಟುಕೊಳ್ಳಿ. ಅದು ವನ್ಯಜೀವಿಧಾಮ, ಕರಡಿ ಮತ್ತು ಚಿರತೆಗಳಿರುವ ಕಾಡು. ಆದ್ದರಿಂದ ಗೇಟಿನ ಸಮಯವನ್ನೂ ಸೈಕಲ್ಲಿಗೆ ಪ್ರವೇಶವಿದೆಯೇ ಎಂಬುದನ್ನೂ ಅರಣ್ಯ ಇಲಾಖೆಯವರಲ್ಲಿ ಹಿಂದಿನ ದಿನವೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಚೀಲಗಳನ್ನು ವಸತಿಗೃಹದಲ್ಲೇ ಬಿಟ್ಟು ಹೋಗಿ. ಹಿಂದಿನ ಚಕ್ರದಲ್ಲಿ 32 ಅಥವಾ 34 ಹಲ್ಲಿನ ಗೇರ್ ಇದ್ದರೆ ಮಂಡಿಗಳು ಉಳಿಯುತ್ತವೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿಟ್ಟರೆ ರಿಮ್ ಅಥವಾ ಡಿಸ್ಕ್ ವಿಪರೀತ ಕಾಯುತ್ತದೆ. ಬಿಟ್ಟು ಬಿಟ್ಟು ಒತ್ತಿ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ.

ಬಿಸಿಲು ಬೇಡವೆಂದು ಜೂನ್, ಜುಲೈಗೆ ಮುಂದೂಡುವವರು ಗಾಳಿಯ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನ ಪಡುವಣ ಗಾಳಿ ದಾವಣಗೆರೆಯಿಂದ ಬರುವವರನ್ನು ಬೆನ್ನ ಹಿಂದಿನಿಂದ ತಳ್ಳಿದರೆ, ದುರ್ಗದಿಂದ ದಾವಣಗೆರೆಗೆ ಹೋಗುವವರನ್ನು ಎದೆಗೆ ಎದೆಕೊಟ್ಟು ತಡೆಯುತ್ತದೆ. ಮುಂದೆ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್; ದಾರಿ ಒಟ್ಟಾರೆ ಇಳಿಮುಖವಾದರೂ ಅಲ್ಲಿಯೂ ನೆರಳು ಕಡಿಮೆ, ಆದ್ದರಿಂದ ಬಾಟಲಿಗಳನ್ನು ದುರ್ಗದಲ್ಲೇ ತುಂಬಿಸಿಕೊಂಡು ಹೊರಡಿ.