ಇಂಗ್ಲಿಷ್ ಪಾಸ್, ಕನ್ನಡ ಫೇಲ್: ಡೊಂಬಿವಲಿ ಮೇಲ್ ಸರ್ವರ್ ಅಪ್‌ಡೇಟ್

ನಾನೇ ನಡೆಸೋ ಮೇಲ್ ಸರ್ವರಿನ ಕಥೆ ಇದು. ಪೋಸ್ಟ್‌ಫಿಕ್ಸು (ಮೇಲ್ ಸಾಗಿಸೋ ಸಾಫ್ಟ್‌ವೇರ್), ಡವ್‌ಕಾಟು (ಮೇಲ್‌ಬಾಕ್ಸ್ ನೋಡ್ಕೊಳ್ಳೋದು), ಸರ್ಟಿಫಿಕೇಟು ಎಲ್ಲಾ ಹೋದ ಸಲಾನೇ ಆಯ್ತು, ಅದನ್ನ ಮತ್ತೆ ಎಳೆಯಲ್ಲ. ಈ ಸಲ ಪೂರ್ತಿ ಡಿಕಿಮ್ ಪುರಾಣ, ಅಂದ್ರೆ ಹೊರಗೆ ಹೋಗೋ ಮೇಲ್‌ಗೆ ಸರ್ವರ್ ಹಾಕೋ ಡಿಜಿಟಲ್ ಸಹಿ.

ಹೊಸ ಸ್ಪ್ಯಾಮ್ ಫಿಲ್ಟರ್ ಹಾಕಿದ್ಮೇಲೆ ಶುರುವಾಯ್ತು ನೋಡಿ. ನಮ್ಮ ಕನ್ನಡ ಸಂಘದ ಮೇಲ್‌ಗಳು ಕೆಲವರಿಗೆ ಮಾತ್ರ ಸ್ಪ್ಯಾಮ್‌ಗೆ ಬೀಳ್ತಿದ್ವು, ಹೆಡರ್ ತೆಗೆದ್ರೆ 'ಬಾಡಿ ಹ್ಯಾಶ್ ಡಿಡ್ ನಾಟ್ ವೆರಿಫೈ' (ಹ್ಯಾಶ್ ಅಂದ್ರೆ ಮೇಲ್ ಒಳಗಿನದ್ದರಿಂದ ಲೆಕ್ಕ ಹಾಕಿದ ಬೆರಳಚ್ಚು ಇದ್ದ ಹಾಗೆ). ಅಂದ್ರೆ ಸಹಿ ಬಿದ್ದ ಮೇಲೆ ದಾರೀಲಿ ಯಾರೋ ಮೇಲ್ ಒಳಗಡೆ ಕೈ ಹಾಕಿದಾರೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಯಾರು ಕಳಿಸಿದ್ರೂ ಎಸ್‌ಪಿಎಫ್ (ಈ ಡೊಮೇನಿನ ಮೇಲ್ ಯಾವ ಸರ್ವರಿಂದ ಬರ್ಬಹುದು ಅನ್ನೋ ಪಟ್ಟಿ) ಇಲ್ಲಾ ಡಿಕಿಮ್ ಒಂದಾದ್ರೂ ಇರ್ಲೇಬೇಕಲ್ಲ, ಎಸ್‌ಪಿಎಫ್ ಸರಿ ಇದ್ದಿದ್ದಕ್ಕೆ ಬೌನ್ಸ್ ಆಗ್ತಿರ್ಲಿಲ್ಲ, ಆದ್ರೆ ಒಂದು ಐಡಿಯಿಂದ ಇನ್ನೊಂದಕ್ಕೆ ಆಟೋ ಫಾರ್ವರ್ಡ್ ಇಟ್ಕೊಂಡಿರೋ ಮೆಂಬರ್‌ಗಳಿಗೆ ಎಸ್‌ಪಿಎಫ್ಫೂ ಮುರಿಯುತ್ತೆ, ಅವರೇ ಫೋನ್ ಮಾಡಿ ಬೈತಿದ್ದಿದ್ದು.

ನಾನು 'ಹಲೋ ಟೆಸ್ಟ್' ಅಂತ ಇಂಗ್ಲಿಷಲ್ಲಿ ಕಳಿಸಿದ್ರೆ ಪಾಸ್. ಅಟ್ಯಾಚ್‌ಮೆಂಟ್ ಹಾಕಿದ್ರೂ ಪಾಸ್. ಸಂಘದ ಆಮಂತ್ರಣ ಕಳಿಸಿದ್ರೆ ಫೇಲ್. ಕಾರ್ಯದರ್ಶಿ ಉಡುಪಿ ಕಡೆಯವರು, "ಎಂತ ಮಾರಾಯ್ರೆ, ನಿಮ್ಮ ಸರ್ವರಿಗೆ ಕನ್ನಡ ಆಗುದಿಲ್ವಾ?" ಅಂದ್ರು. ತಮಾಷೆಗೆ ಅಂದಿದ್ದು, ಆದ್ರೆ ವಿಷಯ ಅಲ್ಲೇ ಇತ್ತು. ನಮ್ಮ ಬಿಲ್ಡಿಂಗ್ ಸೊಸೈಟಿ ನೋಟೀಸ್ ಕೂಡ ಇದೇ ಸರ್ವರಿಂದ ಮರಾಠೀಲಿ ಹೋಗುತ್ತೆ, ಅದೂ ಫೇಲ್! ಮೇಂಟೆನೆನ್ಸ್ ಬಿಲ್‌ನ ಮೇಲು ಪೂರ್ತಿ ಇಂಗ್ಲಿಷು, ಆದ್ರೂ ಫೇಲ್, ಯಾಕಂದ್ರೆ ಅದ್ರಲ್ಲಿ ಒಂದೇ ಒಂದು ₹ ಚಿಹ್ನೆ ಇತ್ತು. ಅಲ್ಲಿಗೆ ಭಾಷೆ ಅಲ್ಲ, ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಮಾಮೂಲಿ ಚಿಹ್ನೆಗಳ ಹಳೇ ಪಟ್ಟಿ) ಅಲ್ಲದ ಬೈಟ್‌ದೇ ತಕರಾರು ಅಂತ ಗೊತ್ತಾಯ್ತು.

ಆದ್ರೆ ಒಳಗೆ ಬರೋ ಮೇಲ್ ನೋಡಿದಾಗ ಮತ್ತೆ ತಲೆ ಕೆಟ್ಟೋಯ್ತು. ಜಿಮೇಲ್‌ನಿಂದ ಬಂದ ಕನ್ನಡ ಮೇಲ್ ಆರಾಮಾಗಿ ಪಾಸ್. ಆಮೇಲೆ ಸೋರ್ಸ್ ನೋಡಿದ್ರೆ ಜಿಮೇಲು ಮೊದ್ಲೇ ಬೇಸ್64 (ಎಲ್ಲಾನೂ ಆಸ್ಕಿ ಅಕ್ಷರಕ್ಕೆ ಇಳಿಸೋದು) ಮಾಡಿ ಕಳಿಸಿತ್ತು, ದಾರೀಲಿ ಬದಲಾಯಿಸೋಕೆ ಏನೂ ಉಳಿದಿಲ್ಲ. ನಮ್ಮವರು ಥಂಡರ್‌ಬರ್ಡಿಂದ ಕಳಿಸೋದು 8ಬಿಟ್, ಅಂದ್ರೆ ಕನ್ನಡದ ಬೈಟ್‌ಗಳು ಇದ್ದ ಹಾಗೇ.

ಪುಣ್ಯಕ್ಕೆ ಸೆಟ್ಟಿಂಗ್ ಫೈಲ್‌ಗಳ ಹಳೇ ಪ್ರತಿ ಇಟ್ಕೊಳ್ಳೋ ಎಟ್ಸಿಕೀಪರ್ ಇತ್ತು, ಏನು ಬದಲಾಗಿದೆ ಅಂತ ಡಿಫ್ ತೆಗೆದೆ. ಫಿಲ್ಟರ್ ಇನ್‌ಸ್ಟಾಲರ್ ಮಹಾಶಯ ಕೇಳದೇ ಮಾಡದೇ ಪೋಸ್ಟ್‌ಫಿಕ್ಸ್‌ನ ಮೇನ್ ಡಾಟ್ ಸಿಎಫ್‌ನಲ್ಲಿ ಕಂಟೆಂಟ್_ಫಿಲ್ಟರ್ ಸೇರಿಸಿ ಮೇಲನ್ನೆಲ್ಲಾ ಫಿಲ್ಟರ್ ಕೂತಿರೋ ಪೋರ್ಟ್ 10024ಕ್ಕೆ ತಿರುಗಿಸಿದೆ, ಮಾಸ್ಟರ್ ಡಾಟ್ ಸಿಎಫ್‌ನಲ್ಲಿ ಅದಕ್ಕೊಂದು ಟ್ರಾನ್ಸ್‌ಪೋರ್ಟು (ಕಳಿಸೋ ದಾರಿ), ವಾಪಸ್ ಬರೋಕೆ ಪೋರ್ಟ್ 10025. ಒಳಬರೋದಷ್ಟೇ ಅಲ್ಲ, ನಮ್ಮವರು ಮೇಲ್ ಕಳಿಸೋ ಪೋರ್ಟ್ 587ರಿಂದ ಹೊರಗೆ ಹೋಗೋದೂ ಅದೇ ದಾರಿ ಹಿಡೀತು, ಅದೂ ಓಪನ್‌ಡಿಕಿಮ್ ಸಹಿ ಹಾಕಿದ ಮೇಲೆ. ಟೆಲ್ನೆಟ್ ಮಾಡಿ 10024ಕ್ಕೆ ಇಹೆಲೊ ಹೊಡೆದೆ, ಅಂದ್ರೆ ನಿಂಗೆ ಏನೇನು ಬರುತ್ತೆ ಅಂತ ಫಿಲ್ಟರನ್ನ ಕೇಳಿದೆ. ಪೈಪ್‌ಲೈನಿಂಗ್ ಇದೆ, ಸೈಜ್ ಇದೆ, 8ಬಿಟ್‌ಮೈಮ್ (8ಬಿಟ್ ಮೇಲ್ ತಗೋತೀನಿ ಅನ್ನೋ ಘೋಷಣೆ) ಇಲ್ಲ! 1993ರ ಆರ್‌ಎಫ್‌ಸಿಯಲ್ಲಿ (ಇಂಟರ್ನೆಟ್ ನಿಯಮಗಳ ದಾಖಲೆ) ಬಂದಿದ್ದು ಸ್ವಾಮಿ ಅದು.

ಎದುರಿನವನು 8ಬಿಟ್‌ಮೈಮ್ ಅನ್ನದೇ ಹೋದ್ರೆ ಪೋಸ್ಟ್‌ಫಿಕ್ಸ್ ತಾನೇ ಕೋಟೆಡ್ ಪ್ರಿಂಟೆಬಲ್ (ಆಸ್ಕಿ ಅಲ್ಲದ ಒಂದೊಂದು ಬೈಟನ್ನೂ '=' ಜೊತೆ ಎರಡು ಆಸ್ಕಿ ಅಕ್ಷರವಾಗಿ ಬರೆಯೋದು) ಮಾಡಿ ಕೊಡುತ್ತೆ. ಯುಟಿಎಫ್-8ನಲ್ಲಿ 3 ಬೈಟ್ ಇರೋ 'ಕ' ಅನ್ನೋದು '=ಇ0=ಬಿ2=95' ಅಂತ 9 ಕ್ಯಾರೆಕ್ಟರ್ ಆಗುತ್ತೆ. ಓದೋವ್ರಿಗೆ ವ್ಯತ್ಯಾಸ ಕಾಣಲ್ಲ, ಹ್ಯಾಶ್‌ಗೆ ಅದು ಬೇರೆಯದೇ ಮೇಲು. ಹ್ಯಾಶ್ ಹಾಕೋಕೆ ಮುಂಚೆ ಮೇಲನ್ನ ಒಂದೇ ರೂಪಕ್ಕೆ ತರೋ ಕೆನಾನಿಕಲೈಸೇಶನ್ ರಿಲ್ಯಾಕ್ಸ್ಡ್ ಇದ್ರೂ ಅದು ಕ್ಷಮಿಸೋದು ಖಾಲಿ ಜಾಗದ ಏರುಪೇರು ಮಾತ್ರ. ಒಳಬರೋ 8ಬಿಟ್ ಮೇಲ್‌ಗಳಿಗೂ ಇದೇ ಗತಿ, ಪೋಸ್ಟ್‌ಫಿಕ್ಸ್ ಬದಲಾಯಿಸಿ ಕೊಟ್ಟಿದ್ದನ್ನ ಫಿಲ್ಟರ್ ನೋಡಿ 'ಸಹಿ ನಕಲಿ' ಅಂತ ಅಂಕ ಹಾಕೋದು.

ಫಿಲ್ಟರ್‌ನವರಿಗೆ ಟಿಕೆಟ್ ಹಾಕಿದ್ದೆ, ಲಾಗು ಹೆಡರು ಎಲ್ಲಾ ಸೇರಿಸಿ. ಬಂದ ಉತ್ತರ: ಜಿಮೇಲನ್ನ ವೈಟ್‌ಲಿಸ್ಟ್ ಮಾಡಿ. ಕಾಸು ಕೊಟ್ಟು ತಗೊಂಡ ಲೈಸೆನ್ಸು ಇದು.

ಪರಿಹಾರ ಪೋಸ್ಟ್‌ಫಿಕ್ಸ್‌ನ ಫಿಲ್ಟರ್ ರೀಡ್‌ಮಿಯಲ್ಲೇ ಇದೆ: ಆ ಟ್ರಾನ್ಸ್‌ಪೋರ್ಟಿಗೆ ಡಿಸೇಬಲ್_ಮೈಮ್_ಔಟ್‌ಪುಟ್_ಕನ್ವರ್ಶನ್=ಯೆಸ್, ಅಂದ್ರೆ ಪೋಸ್ಟ್‌ಫಿಕ್ಸ್ ಆ ಬದಲಾವಣೆ ಮಾಡೋದು ಬೇಡ. ಕೆಲವು ಫಿಲ್ಟರ್‌ಗಳು 8ಬಿಟ್ ತಗೋಬಲ್ಲವು ಆದ್ರೆ ಬಾಯಿ ಬಿಟ್ಟು ಹೇಳಲ್ಲ, ಅಂಥವಕ್ಕೇ ಇದು ಅಂತ ಅಲ್ಲೇ ಬರೆದಿದಾರೆ. ಹಾಕಿ ರೀಲೋಡ್ ಮಾಡಿ ಕನ್ನಡ, ಮರಾಠಿ, ₹ ಮೂರೂ ಕಳಿಸ್ದೆ, ಮೂರೂ ಪಾಸ್! ಶುದ್ಧ ಮಡಿಯವರು ಹೇಳ್ತಾರೆ, ಆರ್‌ಎಫ್‌ಸಿ 6376 ಪ್ರಕಾರ ಸಹಿಗೆ ಮೊದ್ಲೇ 7ಬಿಟ್ ಮಾಡ್ಬೇಕು ಅಂತ. ಸರಿ, ಆದ್ರೆ ನನ್ನ ಪ್ರಕಾರ ಸಹಿಯನ್ನೇ 10025 ದಾಟಿದ ಮೇಲೆ ಹಾಕಿಸೋದು ಒಳ್ಳೇದು, ಫಿಲ್ಟರ್ ನಾಳೆ ಫುಟರ್ ಅಂಟಿಸಿದ್ರೂ ಚಿಂತೆ ಇಲ್ಲ. ಅದನ್ನ ಇನ್ನೂ ಮಾಡಿಲ್ಲ.

ಯಾಕೆ ಮಾಡಿಲ್ಲ ಅಂದ್ರೆ ನಡುವೆ ಬಿಲ್ಡಿಂಗ್ ಟೆರೇಸ್ ಟ್ಯಾಂಕಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ, ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್ ಚಿಪ್) ಇಟ್ಟು ನೀರು ಕಮ್ಮಿ ಆದ್ರೆ ಇದೇ ಸರ್ವರಿಂದ ಮೇಲ್. ಮುಂಬೈ ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನಿಗೆ ವಾಟರ್‌ಪ್ರೂಫ್ ಅಲ್ಟ್ರಾಸೋನಿಕ್ ಸೆನ್ಸರ್ ಅಂದ್ರೆ ನೀರು ತಡೆಯದ ಮಾಮೂಲಿ ಎಚ್‌ಸಿ-ಎಸ್‌ಆರ್04 ಕವರಿಗೆ ಹಾಕಿ ಕೊಟ್ಟಿದಾನೆ, ಟ್ಯಾಂಕಿನ ಆವಿಗೆ ಅದು ಎಷ್ಟು ದಿನ ಬಾಳುತ್ತೆ? ಸಿಎಸ್‌ಎಂಟಿ ಲೋಕಲಲ್ಲಿ ನಿಂತ್ಕೊಂಡು ವಾಪಸ್ ಕೊಡೋಕೆ ಹೋಗ್ಬೇಕು.

ಅದಕ್ಕೂ ಮುಂಚೆ ಫಿಲ್ಟರ್‌ನ ಮುಂದಿನ ಅಪ್‌ಡೇಟ್ ಮಾಸ್ಟರ್ ಡಾಟ್ ಸಿಎಫ್ ಮೇಲೆ ಮತ್ತೆ ಬರೆಯೋದು ಗ್ಯಾರಂಟಿ, ಹಾಗಾಗಿ ಅದೇ ಸಾಲನ್ನ 'ಪೋಸ್ಟ್‌ಕಾನ್ಫ್ -ಪಿ' ಕಮಾಂಡಾಗಿ ಒಂದು ಸ್ಕ್ರಿಪ್ಟಿಗೆ ಹಾಕಿ ಏಪ್ಟ್ ಹುಕ್ಕಿಗೆ ಕಟ್ಟಿದೀನಿ, ಪ್ಯಾಕೇಜ್ ಅಪ್‌ಡೇಟ್ ಆದಾಗೆಲ್ಲಾ ಅದು ತಾನೇ ಓಡುತ್ತೆ. ಪೋಸ್ಟ್‌ಫಿಕ್ಸ್ 2.11ಕ್ಕಿಂತ ಹಳೇದು ಇಟ್ಕೊಂಡಿರೋರಿಗೆ ಆ ಆಪ್ಶನ್ ಇಲ್ಲ, ಕೈಯಲ್ಲೇ ಎಡಿಟ್ ಮಾಡ್ಕೊಳ್ಳಿ.