ಕೋನವನ್ನೇ ಕೊಡದ ವಜ್ರಾಕೃತಿ

ಮೊನ್ನೆ ಸಂಜೆ ಮಗಳು ಜ್ಯಾಮಿತಿ ಲೆಕ್ಕ ಹಿಡಿದು ಪಕ್ಕದಲ್ಲಿ ಬಂದು ಕೂತಳು. ವಜ್ರಾಕೃತಿಯಲ್ಲಿ, ಅಂದರೆ ನಾಲ್ಕೂ ಬಾಹು ಸಮ ಇರುವ ಚತುರ್ಭುಜದಲ್ಲಿ, ಗೊತ್ತಿಲ್ಲದ ಕೋನ ಕಂಡುಹಿಡಿಯಬೇಕಿತ್ತು. ಮೊದಲನೆಯದು ಸುಲಭ. ಕರ್ಣ (ಎದುರುಬದುರು ಮೂಲೆ ಸೇರಿಸುವ ಗೆರೆ) ಮತ್ತು ಬಾಹುವಿನ ನಡುವೆ 35°. ವಜ್ರಾಕೃತಿಯ ಕರ್ಣ ಮೂಲೆಯ ಕೋನವನ್ನು ಸರಿ ಅರ್ಧ ಮಾಡುತ್ತದೆ. ಹಾಗಾಗಿ ಆ ಕೋನ 70°, ಪಕ್ಕದ್ದು 110°. ಎರಡೇ ನಿಮಿಷ.

ಎರಡನೆಯದು ಒಂದೂವರೆ ಗಂಟೆ ಕೂರಿಸಿತು. ಎಬಿಸಿಡಿ ವಜ್ರಾಕೃತಿ. ಬಿ-ಸಿ ಮೇಲೆ ಇ, ಸಿ-ಡಿ ಮೇಲೆ ಎಫ್ ಬಿಂದು. ಎಇಎಫ್ ಸಮಬಾಹು ತ್ರಿಭುಜ. ಅದರ ಬಾಹುವೂ ವಜ್ರಾಕೃತಿಯ ಬಾಹುವಿನಷ್ಟೇ ಉದ್ದ. ಬಿ ಕೋನ ಎಷ್ಟು? ವಜ್ರಾಕೃತಿಯ ಒಂದು ಕೋನವನ್ನೂ ಕೊಟ್ಟಿರಲಿಲ್ಲ.

ಮಗಳು ಅಂದಾಜಿನಲ್ಲಿ ಚಿತ್ರ ಬರೆದಳು. ಅದರಲ್ಲಿ ಎ-ಇ ಗೆರೆ ಬಿ-ಸಿ ಮೇಲೆ ನೆಟ್ಟಗೆ ನಿಂತ ಹಾಗೆ ಕಂಡಿತು. "ಅಪ್ಪಾ, ಇದು 90° ಅಲ್ವಾ?" ನಾನೂ ಹೂಂ ಅಂದೆ. ಅಲ್ಲೇ ದಾರಿ ತಪ್ಪಿದ್ದು. ಆಮೇಲೆ ಬರೆದದ್ದು ಯಾವುದೂ ಒಂದಕ್ಕೊಂದು ಕೂಡಲಿಲ್ಲ. ತುಂಬಾ ಹೊತ್ತಾದ ಮೇಲೆ ಹೊಳೆಯಿತು. ಅಲ್ಲಿ ಲಂಬಕೋನ ಇದ್ದರೆ ಎ-ಬಿ ವಿಕರ್ಣವಾಗುತ್ತದೆ (ಲಂಬಕೋನದ ಎದುರಿನ ಬಾಹು), ಎ-ಇಗಿಂತ ಉದ್ದ ಇರಲೇಬೇಕು. ಆದರೆ ಎರಡೂ ಸಮ ಅಂತ ಲೆಕ್ಕವೇ ಹೇಳಿದೆ!

ಚಿತ್ರ ನಂಬುವುದನ್ನು ಬಿಟ್ಟೆವು. ಸಮ ಇರುವ ಗೆರೆಗಳ ಮೇಲೆಲ್ಲ ಪುಟ್ಟ ಅಡ್ಡಗೀಟು ಹಾಕು ಅಂದೆ. ಹಾಕುತ್ತಾ ಹಾಕುತ್ತಾ ಅವಳ ಪೆನ್ಸಿಲ್ ಎ-ಇ ಹತ್ತಿರ ನಿಂತಿತು. "ಎಬಿಇ ಸಮದ್ವಿಬಾಹು ತ್ರಿಭುಜ!" ಹೌದು. ವಜ್ರಾಕೃತಿ ಅಂದ ಕೂಡಲೇ ನಾವು ಕರ್ಣಗಳ ಕಡೆ ಓಡುತ್ತೇವೆ. ನನ್ನ ಪ್ರಕಾರ ಬಾಹುಗಳು ಸಮ ಅನ್ನುವ ಸರಳ ಮಾತೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಇಲ್ಲಂತೂ ಕರ್ಣ ಎಳೆಯುವ ಅಗತ್ಯವೇ ಬರಲಿಲ್ಲ.

ಬಿ ಕೋನ ಎಕ್ಸ್ ಅಂದುಕೊಂಡೆವು. ಎ-ಬಿ, ಎ-ಇ ಸಮ ಇರುವುದರಿಂದ ಎ-ಇ-ಬಿ ಕೋನವೂ ಎಕ್ಸ್. ಆ ತ್ರಿಭುಜದಲ್ಲಿ ಎ ಹತ್ತಿರ ಉಳಿಯುವುದು 180 − 2ಎಕ್ಸ್. ಆಚೆ ಕಡೆಯ ಎಎಫ್‌ಡಿ ತ್ರಿಭುಜದಲ್ಲೂ ಅಷ್ಟೇ. ನಡುವೆ 60. ಮೂರೂ ಸೇರಿದರೆ ಪೂರ್ತಿ ಎ ಕೋನ, ಅಂದರೆ 180 − ಎಕ್ಸ್. ಬಿಡಿಸಿದರೆ 3ಎಕ್ಸ್ = 240. ಬಿ ಕೋನ 80°, ಎ ಕೋನ 100°. ಎ ಹತ್ತಿರ 20, 60, 20 ಸರಿಯಾಗಿ ಕೂತವು.

ಅವಳಿಗೆ ಅಷ್ಟು ಸಾಲಲಿಲ್ಲ. ಕೋನಮಾಪಕ ಇಟ್ಟು 80°ಯ ಹೊಸ ವಜ್ರಾಕೃತಿ ಬರೆದಳು. ಕೈವಾರದ ಮುಳ್ಳನ್ನು ಎ ಮೇಲೆ ಊರಿ, ಬಿಯಿಂದ ಡಿವರೆಗೆ ಒಂದು ಕಂಸ ಎಳೆದಳು. ಅದು ಬಿ-ಸಿಯನ್ನೂ ಸಿ-ಡಿಯನ್ನೂ ಒಂದೊಂದು ಕಡೆ ಕತ್ತರಿಸಿತು. ಅವೇ ಇ ಮತ್ತು ಎಫ್. ಕೈವಾರವನ್ನು ಹಾಗೇ ಎತ್ತಿ ಇ-ಎಫ್ ಮೇಲೆ ಇಟ್ಟು ನೋಡಿದಳು. ಅಗಲ ಬದಲಿಸಬೇಕಾಗಲೇ ಇಲ್ಲ.